ಸಕ್ಕರೆ ಬಿಟ್ಟರೆ ಕ್ಯಾನ್ಸರ್ ತಾನಾಗಿಯೇ ಸಾಯುತ್ತದೆಯೇ?

“ಸಕ್ಕರೆ ಬಿಡಿ, ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಿರಿ, ಕ್ಯಾನ್ಸರ್ ಕೋಶಗಳು ತಾವಾಗಿಯೇ ಸಾಯುತ್ತವೆ. ಎಲ್ಲರಿಗೂ ಕಳುಹಿಸಿ.” ಇಂಥ ಸಂದೇಶ ವರ್ಷಗಳಿಂದ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿದೆ. ನಿಮಗೂ ಬಂದಿರಬಹುದು. ಇದು ನಿಜವೇ?

ಅಲ್ಲ. ಯಾಕೆ ಎಂದು ತಿಳಿಯಲು ಕ್ಯಾನ್ಸರ್ ಎಂದರೇನು ಎಂಬುದನ್ನು ಮೊದಲು ನೋಡೋಣ.

ಮುಯ್ಯಿ ತೀರಿಸದವರು

ಗದಗ ಜಿಲ್ಲೆಯ ನರೇಗಲ್ ಕಡೆಯವರಿಗೆ ಮುಯ್ಯಾಳು ಹೊಸ ಮಾತಲ್ಲ. ಜೋಳದ ಸುಗ್ಗಿಗೆ ಇಂದು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಯಾರಾದರೂ ಆಳು ಕರೆಸಿಕೊಂಡು, ತಾವು ಮಾತ್ರ ಹೋಗದಿದ್ದರೆ? ಅವರಿಗೆ ಲಾಭ, ಉಳಿದವರಿಗೆ ನಷ್ಟ. ಅಂಥವರು ಹೆಚ್ಚಾದರೆ ರೂಢಿಯೇ ಮುರಿದುಬೀಳುತ್ತದೆ.

ಜೀವಕೋಶಗಳ ಲೋಕದಲ್ಲೂ ಇದೇ ಸಮಸ್ಯೆ ಇದೆ. ಮಣ್ಣಿನಲ್ಲಿ ಡಿಕ್ಟಿಯೋಸ್ಟೀಲಿಯಂ ಎಂಬ ಅಮೀಬಾ ಇದೆ. ಆಹಾರ ಇರುವವರೆಗೆ ಒಂಟಿಯಾಗಿ ಬದುಕುತ್ತದೆ. ಆಹಾರ ಮುಗಿದರೆ ಸಾವಿರಾರು ಅಮೀಬಾಗಳು ಒಂದೆಡೆ ಸೇರುತ್ತವೆ. ಸುಮಾರು ಐದರಲ್ಲಿ ಒಂದು ಪಾಲು ಸತ್ತು ಕಾಂಡವಾಗುತ್ತದೆ. ಉಳಿದವು ಅದರ ತುದಿಯಲ್ಲಿ ಬೀಜಕಣಗಳಾಗಿ ಬದುಕುಳಿಯುತ್ತವೆ. ಕಾಂಡವಾಗುವುದನ್ನು ತಪ್ಪಿಸಿಕೊಂಡು, ಬೀಜಕಣದ ಜಾಗವನ್ನೇ ಹಿಡಿಯುವ ‘ಮೋಸಗಾರ’ ತಳಿಗಳೂ ಇವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ವಿದ್ಯಾನಂದ ನಂಜುಂಡಯ್ಯ ಇಂಥ ಅಮೀಬಾಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅವರ ತಂಡ ಮುದುಮಲೈ ಕಾಡಿನಿಂದ ತಂದ ಮಾದರಿಗಳಲ್ಲಿ, ಬೇರೆ ಬೇರೆ ತಳಿಯ ಅಮೀಬಾಗಳು ಒಂದೇ ಗುಂಪಿನಲ್ಲಿ ಸೇರಿರುವುದನ್ನು ಕಂಡು 2010ರಲ್ಲಿ ಪ್ರಕಟಿಸಿತು. ತಳಿ ಬೇರೆಯಾದಷ್ಟೂ ಮೋಸಕ್ಕೆ ಅವಕಾಶ ಹೆಚ್ಚು.

ನಮ್ಮ ದೇಹದ ಒಪ್ಪಂದ

ನಮ್ಮ ದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಕೋಶಗಳಿವೆ. ಎಲ್ಲವೂ ಹುಟ್ಟಿದ್ದು ಒಂದೇ ಕೋಶದಿಂದ. ಅಂದರೆ ಎಲ್ಲವೂ ಒಂದೇ ಮನೆಯವರು, ಜಗಳಕ್ಕೆ ಕಾರಣ ಕಡಿಮೆ. ಅದರ ಮೇಲೆ ಕಾವಲೂ ಇದೆ. ಕೋಶದ ಡಿಎನ್ಎ ಕೆಟ್ಟರೆ ಪಿ53 ಎಂಬ ಜೀನ್ ಅದರ ವಿಭಜನೆಯನ್ನು ತಡೆಯುತ್ತದೆ, ಇಲ್ಲವೇ ಆ ಕೋಶ ತಾನೇ ಸಾಯುವಂತೆ ಮಾಡುತ್ತದೆ.

ಈ ಕಾವಲು ತಪ್ಪಿಸಿಕೊಂಡು, ಲೆಕ್ಕವಿಲ್ಲದೆ ಬೆಳೆಯುವ ನಮ್ಮದೇ ಕೋಶವೇ ಕ್ಯಾನ್ಸರ್. ತಂಬಾಕು, ಗುಟ್ಕಾ ಡಿಎನ್ಎಗೆ ಹಾನಿ ಮಾಡಿ ಈ ಒಪ್ಪಂದ ಮುರಿಯಲು ದಾರಿ ಮಾಡಿಕೊಡುತ್ತವೆ.

ಹಾಗಾದರೆ ಸಕ್ಕರೆ, ನಿಂಬೆ?

ಕ್ಯಾನ್ಸರ್ ಕೋಶ ಗ್ಲೂಕೋಸ್ ಬಳಸುವುದು ನಿಜ. ಆದರೆ ಮೆದುಳು, ಸ್ನಾಯು ಎಲ್ಲವೂ ಅದನ್ನೇ ಬಳಸುತ್ತವೆ. ಜೋಳದ ರೊಟ್ಟಿಯೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಏನೂ ತಿನ್ನದಿದ್ದರೂ ಯಕೃತ್ತು ಅದನ್ನು ತಯಾರಿಸುತ್ತದೆ. ಕ್ಯಾನ್ಸರ್ ಕೋಶವನ್ನಷ್ಟೇ ಉಪವಾಸ ಕೆಡವಲು ಆಗುವುದಿಲ್ಲ. ನಿಂಬೆನೀರು ಕುಡಿಯಿರಿ, ತೊಂದರೆಯಿಲ್ಲ. ಆದರೆ ಅದು ಔಷಧವಲ್ಲ.

ನಮ್ಮದೇ ಕೋಶವಾದ್ದರಿಂದಲೇ ಚಿಕಿತ್ಸೆಯೂ ಕಷ್ಟ. ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುವ ಕೀಮೋ, ಕೂದಲಿನ ಬೇರಿನ ಒಳ್ಳೆಯ ಕೋಶಗಳಿಗೂ ತಗಲುತ್ತದೆ. ಕೂದಲು ಉದುರುವುದು ಅದಕ್ಕೇ.

ನೀವು ಮಾಡಬೇಕಾದ್ದು

ತಂಬಾಕು, ಗುಟ್ಕಾ ಬಿಡಿ. ಬಾಯಲ್ಲಿ ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಎಲ್ಲಿಯಾದರೂ ಬೆಳೆಯುತ್ತಿರುವ ಗಂಟು ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಬೇಗ ಪತ್ತೆಯಾದರೆ ಎಷ್ಟೋ ಕ್ಯಾನ್ಸರ್‌ಗಳು ವಾಸಿಯಾಗುತ್ತವೆ. ನಿಂಬೆನೀರು ನಂಬಿ ಕಳೆದ ತಿಂಗಳುಗಳು ಮರಳಿ ಬರುವುದಿಲ್ಲ.

ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ಇದನ್ನು ಕಳುಹಿಸಿ.