ಗೂಡಿನ ಮಾರುಕಟ್ಟೆಯಲ್ಲಿ ಕಂಡ ಏಷ್ಯಾ

ಈ ಶಾಲೆಯ ಮೊದಮೊದಲ ತಂಡಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ರಾಜಕೀಯ ಸಿದ್ಧಾಂತವನ್ನೂ ಏಷ್ಯಾದ ದೇಶಗಳ ರಾಜಕೀಯವನ್ನೂ ಬೋಧಿಸಿದೆ. ಇವೆರಡೂ ನಮ್ಮ ನೆಲದಲ್ಲೇ ಇದ್ದವೆಂದು ನನಗೆ ತಿಳಿದದ್ದು ತಡವಾಗಿ.

ಎಂಟನೇ ತರಗತಿಯಲ್ಲಿ ಮೇಷ್ಟ್ರು ನಮ್ಮನ್ನು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಪ್ರವಾಸ ಕರೆದೊಯ್ದಿದ್ದರು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಪ್ರಭುತ್ವ ಯಾರದು ಎಂಬ ಪ್ರಶ್ನೆಗೆ ನಮ್ಮವರು ಪ್ರಾಣ ತೆತ್ತಿದ್ದರು. ನಾನು ಮಾತ್ರ ಅದನ್ನು ಯೂರೋಪಿನ ಪಂಡಿತರ ಪುಸ್ತಕಗಳಿಂದಲೇ ಪಾಠ ಮಾಡುತ್ತಿದ್ದೆ.

ಇನ್ನು ಏಷ್ಯಾ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜಮ್‌ಷೇಟ್‌ಜಿ ಟಾಟಾ ಬೆಂಗಳೂರಿನ ರೇಷ್ಮೆ ಫಾರಂಗೆ ಜಪಾನಿನ ತಜ್ಞರನ್ನು ಕರೆಸಿದ್ದರು. 1990ರ ದಶಕದಲ್ಲಿ ದ್ವಿತಳಿ ಗೂಡು ಬೆಳೆಯಲು ಜಪಾನೇ ನೆರವಾಯಿತು. ಹೀಗೆ ಜಪಾನ್ ನಮ್ಮ ರೇಷ್ಮೆಗೆ ಗುರುವಾದರೆ, ಚೀನಾ ಪೈಪೋಟಿಗೆ ನಿಂತಿತು. ಅಗ್ಗದ ಚೀನಾ ನೂಲನ್ನು ತಡೆಯಲು ಕೇಂದ್ರ ಸರ್ಕಾರ 2003ರಲ್ಲಿ ಸುರಿ-ವಿರೋಧಿ ಸುಂಕ ಹಾಕಬೇಕಾಯಿತು.

2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು. ಅಪ್ಪ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ, ಚಿಂತಾಮಣಿ ಕಡೆಯ ರೈತರ ಜೊತೆ ಹರಾಜಿಗೆ ಕಾದು, ಬಂದಷ್ಟು ತೆಗೆದುಕೊಂಡು ಮನೆಗೆ ಬಂದರು. ಆ ರಾತ್ರಿ ಅವರು ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ಚೈನಾ ವಿಷಯ ನೀನು ಪಾಠ ಮಾಡ್ತೀಯಲ್ಲ. ಡೆಲ್ಲೀಲಿ ಸುಂಕ ಇಳಿಸಿದ್ರೆ ನಮ್ಮ ಗೂಡು ಯಾಕೆ ಬೀಳುತ್ತೆ?"

ಗಡಿ, ಯುದ್ಧ, ಒಪ್ಪಂದಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ನನಗೆ ಅಪ್ಪನಿಗೆ ಅರ್ಥವಾಗುವಂತೆ ನಾಲ್ಕು ಮಾತು ಹೇಳಲಾಗಲಿಲ್ಲ. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಅಷ್ಟರಲ್ಲಿ ಅಪ್ಪ ಹಿಪ್ಪುನೇರಳೆ ಕಿತ್ತುಹಾಕಿದ್ದರು. ಚಂದ್ರಿಕೆಗಳು ಹಿತ್ತಲಲ್ಲಿ ಮಳೆಗೆ ನೆನೆಯುತ್ತಿದ್ದವು.

ಅಂದಿನಿಂದ ನಿವೃತ್ತನಾಗುವವರೆಗೂ ಪ್ರತಿ ವರ್ಷ ನನ್ನ ತರಗತಿ ಅಪ್ಪನ ಪ್ರಶ್ನೆಯಿಂದಲೇ ಆರಂಭವಾಗುತ್ತಿತ್ತು. ಈಗ ಇಲ್ಲಿ ಓದುತ್ತಿರುವ ಮಕ್ಕಳಿಗೂ ಅದನ್ನೇ ಬಿಟ್ಟುಹೋಗುತ್ತಿದ್ದೇನೆ. ಮನೆಯಲ್ಲಿ ಹಿರಿಯರು ಕೇಳುವ ಪ್ರಶ್ನೆಗಳನ್ನು ಶಾಲೆಗೆ ತನ್ನಿ, ಮೇಷ್ಟ್ರ ಮುಂದಿಡಿ.