ಹಗುರ ಚೆಂಡಿನ ಲೆಕ್ಕ

2024ರ ಮಾರ್ಚ್ 6ರಂದು ಠಾಣೆಯ ದಾದೋಜಿ ಕೊಂಡದೇವ್ ಕ್ರೀಡಾಂಗಣದಲ್ಲಿ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್ ಆರಂಭವಾಯಿತು. ಬೆಂಗಳೂರು ಸೇರಿದಂತೆ ಆರು ನಗರಗಳ ಹೆಸರಿನ ತಂಡಗಳು, ಹರಾಜು, ಸಿನಿಮಾ ನಟರ ಮಾಲೀಕತ್ವ, ಹತ್ತು ಓವರಿನ ಆಟ. ಇದ್ಯಾವುದೂ ನೋಡುಗರಿಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಬೌಲರನ ಕೈಯಲ್ಲಿದ್ದ ಚೆಂಡು. ಅದು ಕೆಂಪೂ ಅಲ್ಲ, ಬಿಳಿ ಚರ್ಮದ್ದೂ ಅಲ್ಲ. ಗಲ್ಲಿಯಲ್ಲಿ, ಕೊಯ್ಲಾದ ಗದ್ದೆಯಲ್ಲಿ ಆಡುವ ಟೆನಿಸ್ ಚೆಂಡು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಹುಡುಗರಿಗೆ ಚೆಂಡಿನ ಆಯ್ಕೆ ಎಂದೂ ರುಚಿಯ ಪ್ರಶ್ನೆಯಾಗಿರಲಿಲ್ಲ. ಅದು ಜಾಗದ ಮತ್ತು ದುಡ್ಡಿನ ಪ್ರಶ್ನೆ. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆದರೆ ಕ್ರಿಕೆಟ್ ಆ ಹಳಿಯ ಇನ್ನೊಂದು ತುದಿಯಲ್ಲೇ ಉಳಿಯಿತು. ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್ ಎಲ್ಲವೂ ದಕ್ಷಿಣ ಮುಂಬಯಿಯಲ್ಲಿ. 1948ರಲ್ಲಿ ಶುರುವಾದ, ಮಳೆಗಾಲದಲ್ಲೇ ನಡೆಯುವ ಕಾಂಗಾ ಲೀಗ್ ಕೂಡ ಆ ಕಡೆಯ ಕ್ಲಬ್ಬುಗಳ ಸುತ್ತ ಬೆಳೆಯಿತು. ಡೊಂಬಿವಲಿಯ ಹುಡುಗ ಅಲ್ಲಿ ಆಡಬೇಕಾದರೆ ಕಿಟ್ ಚೀಲ ಹೊತ್ತು ಕಿಕ್ಕಿರಿದ ಲೋಕಲ್‌ನಲ್ಲಿ ಐವತ್ತು ಕಿಲೋಮೀಟರಿನಷ್ಟು ಹೋಗಿ ಬರಬೇಕು.

ಅಜಿಂಕ್ಯ ರಹಾನೆ ಬೆಳೆದದ್ದು ಇದೇ ಡೊಂಬಿವಲಿಯಲ್ಲಿ. ರಿಕ್ಷಾಕ್ಕೆ ದುಡ್ಡಿಲ್ಲದೆ, ಒಂದು ಕಂಕುಳಲ್ಲಿ ಕಿರಿ ಮಗನನ್ನು ಎತ್ತಿಕೊಂಡು ತಾಯಿ ಅವರನ್ನು ಅಭ್ಯಾಸಕ್ಕೆ ನಡೆಸಿಕೊಂಡೇ ಹೋಗುತ್ತಿದ್ದರು. ರೋಹಿತ್ ಶರ್ಮಾ ಅವರ ತಂದೆತಾಯಿ ಇದೇ ಊರಿನ ಒಂದು ಕೋಣೆಯ ಮನೆಯಲ್ಲಿದ್ದರು. ಮಗ ಬೊರಿವಲಿಯಲ್ಲಿ ಅಜ್ಜನ ಮನೆಯಲ್ಲಿ ಬೆಳೆದ. ಕೋಚ್ ದಿನೇಶ್ ಲಾಡ್ ಶಾಲೆಯ ಶುಲ್ಕ ಮಾಫಿ ಮಾಡಿಸದಿದ್ದರೆ ಅವರ ದಾರಿ ಬೇರೆಯೇ ಆಗುತ್ತಿತ್ತೇನೋ. ಇವರು ಚರ್ಮದ ಚೆಂಡಿನವರೆಗೆ ತಲುಪಿದವರು. ತಲುಪದ ಸಾವಿರಾರು ಹುಡುಗರಿಗೆ ಇದ್ದದ್ದು ಟೆನಿಸ್ ಚೆಂಡು.

ಲೆಕ್ಕ ಸರಳ. ಮುಂಬಯಿ ಕಡೆ 'ಸೀಸನ್ ಬಾಲ್' ಎನ್ನುವ ಚರ್ಮದ ಚೆಂಡಿನ ತೂಕ 155.9ರಿಂದ 163 ಗ್ರಾಂ. ಅದಕ್ಕೆ ಪ್ಯಾಡ್, ಗ್ಲೌಸ್, ಹೆಲ್ಮೆಟ್ ಬೇಕು. ಮ್ಯಾಟಿಂಗ್ ಅಥವಾ ಹದ ಮಾಡಿದ ಪಿಚ್ ಬೇಕು. ಎದುರು ಮನೆಯ ಕಿಟಕಿ ದೂರವಿರಬೇಕು. ಟೆನಿಸ್ ಚೆಂಡು 56ರಿಂದ 59.4 ಗ್ರಾಂ. ಅದಕ್ಕೆ ಒಂದು ಬ್ಯಾಟ್ ಸಾಕು.

ಈ ಚೆಂಡು ಹುಟ್ಟಿದ್ದು ಕ್ರಿಕೆಟ್ಟಿಗಲ್ಲ. ಮೇಜರ್ ವಿಂಗ್‌ಫೀಲ್ಡ್ 1874ರಲ್ಲಿ ಲಾನ್ ಟೆನಿಸ್ಸಿಗೆ ಪೇಟೆಂಟ್ ಪಡೆದಾಗ ಆಡುತ್ತಿದ್ದದ್ದು ಬರಿಯ ಟೊಳ್ಳು ರಬ್ಬರ್ ಚೆಂಡಿನಲ್ಲಿ. ಅದರ ಮೇಲೆ ಬಟ್ಟೆಯ ಹೊದಿಕೆ ಬಂದದ್ದು ಆಮೇಲೆ. ಟೆನಿಸ್ಸಿನವರ ಚೆಂಡಿನೊಳಗೆ ಗಾಳಿಯ ಒತ್ತಡವಿರುತ್ತದೆ; ಡಬ್ಬಿ ತೆರೆದ ಮೇಲೆ ಅದು ಇಳಿಯುತ್ತಾ ಹೋಗುತ್ತದೆ. ಸಿಮೆಂಟು ನೆಲಕ್ಕೂ ಬ್ಯಾಟಿನ ಹೊಡೆತಕ್ಕೂ ಅದು ತಾಳುವುದಿಲ್ಲ. ಹಾಗಾಗಿ ಭಾರತದ ಅಂಗಡಿಗಳಲ್ಲಿ ಕ್ರಿಕೆಟ್ಟಿಗೆಂದೇ ದಪ್ಪ ರಬ್ಬರಿನ 'ಹೆವಿ ಟೆನಿಸ್' ಚೆಂಡು ಬಂತು. ಕರಾಚಿಯ ಹುಡುಗರು ಬೇರೆ ದಾರಿ ಹಿಡಿದರು: ಚೆಂಡಿಗೆ ವಯರಿಂಗ್ ಟೇಪ್ ಸುತ್ತಿದರು. ಉಣ್ಣೆ ಮುಚ್ಚಿ ಮೈ ನುಣುಪಾಯಿತು, ತೂಕ ಹೆಚ್ಚಿತು, ಚೆಂಡು ಗಾಳಿಯಲ್ಲಿ ವೇಗವಾಗಿ ನುಗ್ಗತೊಡಗಿತು.

ಚೆಂಡು ಬದಲಾದರೆ ಆಟವೂ ಬದಲಾಗುತ್ತದೆ. ಟೆನಿಸ್ ಚೆಂಡಿಗೆ ಎದ್ದು ನಿಂತ ಹೊಲಿಗೆಯಿಲ್ಲ, ಆದ್ದರಿಂದ ಬೌಲರನಿಗೆ ಸೀಮ್ ಇಲ್ಲ. ಗಿಡ್ಡ ಎಸೆತ ಎತ್ತರಕ್ಕೆ ಪುಟಿದು ಹೊಡೆತಕ್ಕೆ ಸಿಗುತ್ತದೆ. ಉಳಿಯುವುದು ಯಾರ್ಕರ್, ವೇಗದ ಏರಿಳಿತ, ಕಣ್ಣು ತಪ್ಪಿಸುವ ನಿಧಾನದ ಎಸೆತ. ಬ್ಯಾಟರ್‌ಗೆ ಚೆಂಡಿನ ವೇಗ ಸಾಲವಾಗಿ ಸಿಗುವುದಿಲ್ಲ. ತೋಳಿನ ಬಲದಲ್ಲೇ ಹೊಡೆಯಬೇಕು. ಅದಕ್ಕೇ ಬೆನ್ನು ಕೆತ್ತಿ ಹಗುರ ಮಾಡಿದ ಬ್ಯಾಟುಗಳು.

ಈ ಕೌಶಲಗಳನ್ನು ಚರ್ಮದ ಚೆಂಡಿನ ಕೋಚ್‌ಗಳು ಬಹುಕಾಲ ಕೆಟ್ಟ ಚಾಳಿ ಎಂದೇ ಎಣಿಸಿದರು. ಅಡ್ಡ ಬ್ಯಾಟು, ನಿಂತಲ್ಲೇ ಬೀಸುವುದು, ಇವೆಲ್ಲ ತಿದ್ದಬೇಕಾದ ದೋಷಗಳಾಗಿದ್ದವು. ಹುಸಿಯೂ ಅಲ್ಲ: ಹೊಸ ಕೆಂಪು ಚೆಂಡು ಸ್ವಿಂಗ್ ಆಗುವಾಗ ಅಡ್ಡ ಬ್ಯಾಟು ಹೆಚ್ಚು ಹೊತ್ತು ಬಾಳುವುದಿಲ್ಲ. ಆದರೆ ಟಿ20 ಬಂದ ಮೇಲೆ ತಕ್ಕಡಿ ವಾಲಿತು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯಲ್ಲಿ ಟೆನಿಸ್ ಚೆಂಡಿನಲ್ಲೇ ಬೆಳೆದ ಟಿ. ನಟರಾಜನ್ ಯಾರ್ಕರ್ ನಂಬಿ 2020ರಲ್ಲಿ ಭಾರತಕ್ಕೆ ಆಡಿದರು. ಚೆಂಬೂರಿನ ಸೂರ್ಯಕುಮಾರ್ ಯಾದವ್, ವಿಕೆಟ್ಟಿನ ಹಿಂದಕ್ಕೆ ಎತ್ತುವ ತಮ್ಮ ಹೊಡೆತದ ಮೂಲ ಸಿಮೆಂಟು ರಸ್ತೆಯ ರಬ್ಬರ್ ಚೆಂಡಿನಾಟ ಎಂದು ಹೇಳಿಕೊಂಡಿದ್ದಾರೆ.

ಕರಾವಳಿಯ ಕನ್ನಡಿಗರಿಗೆ ಈ ಲೋಕ ಅಪರಿಚಿತವಲ್ಲ. ಉಡುಪಿ, ದಕ್ಷಿಣ ಕನ್ನಡದ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾಟ, ಅದರಲ್ಲೂ ಅಂಡರ್‌ಆರ್ಮ್ ಪಂದ್ಯಾಟ ನಡೆಯುವುದು ಇದೇ ಚೆಂಡಿನಲ್ಲಿ. ಜಾಗ ಚಿಕ್ಕದಾದಾಗ ಅವರು ಚೆಂಡಿನ ಜೊತೆಗೆ ತೋಳಿನ ಸುತ್ತನ್ನೂ ಕಿರಿದಾಗಿಸಿದರು. ಹೋಟೆಲು, ಬ್ಯಾಂಕಿನ ಕೆಲಸ ಹಿಡಿದು ಡೊಂಬಿವಲಿ, ಠಾಣೆಗೆ ಹೋದ ಮನೆಗಳ ಮಕ್ಕಳಿಗೆ ಅಲ್ಲಿಯ ಚಳಿಗಾಲದ ರಾತ್ರಿ ಪಂದ್ಯಗಳು ತವರಿನವೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೂ ಒಂದು ಅನ್ಯಾಯ ಉಳಿದಿತ್ತು. ಟೆನಿಸ್ ಚೆಂಡಿನ ಆಟಗಾರ ಎಷ್ಟೇ ಹೆಸರು ಮಾಡಿದರೂ ಆ ಲೆಕ್ಕ ಎಲ್ಲೂ ದಾಖಲಾಗುತ್ತಿರಲಿಲ್ಲ. 2016ರ ಜನವರಿಯಲ್ಲಿ ಕಲ್ಯಾಣದ ಆಟೋ ಚಾಲಕರ ಮಗ ಪ್ರಣವ್ ಧನಾವಡೆ ಶಾಲಾ ಪಂದ್ಯದಲ್ಲಿ ಔಟಾಗದೆ 1009 ರನ್ ಹೊಡೆದು, 1899ರಿಂದ ಉಳಿದಿದ್ದ ಎ.ಇ.ಜೆ. ಕಾಲಿನ್ಸ್ ಅವರ 628 ರನ್ನಿನ ದಾಖಲೆ ಮುರಿದಾಗ ಜಗತ್ತೇ ತಿರುಗಿ ನೋಡಿತು. ಅದು ಸೀಸನ್ ಚೆಂಡಿನ ಆಟ, ಸ್ಕೋರ್ ಪುಸ್ತಕವಿತ್ತು. ಅದೇ ಕಲ್ಯಾಣದ ಗಲ್ಲಿಯ ಶತಕಗಳಿಗೆ ನೋಡಿದವರ ನೆನಪೊಂದೇ ಸಾಕ್ಷಿ.

ಠಾಣೆಯ ಲೀಗ್ ಈ ಅಂತರವನ್ನು ಪೂರ್ತಿ ಅಳಿಸಿಲ್ಲ. ಸಾವಿರಾರು ಆಟಗಾರರಲ್ಲಿ ಕೆಲವೇ ಡಜನ್ ಮಂದಿಗೆ ಅದರಲ್ಲಿ ಜಾಗ. ಆದರೆ 2024ರಲ್ಲಿ, ಮತ್ತೆ 2025ರ ಎರಡನೇ ಆವೃತ್ತಿಯಲ್ಲಿ, ಇಪ್ಪತ್ತು ವರ್ಷ ಹಗುರ ಚೆಂಡನ್ನೇ ಆಡಿದವನ ಹೆಸರಿನ ಮುಂದೆ ರನ್ನು, ವಿಕೆಟ್ಟು, ಸಂಭಾವನೆ ಮೂರೂ ಬರೆಯಲ್ಪಟ್ಟವು. ಬಡತನ ಆರಿಸಿಕೊಟ್ಟ ಚೆಂಡಿಗೆ ಕೊನೆಗೂ ಒಂದು ಸ್ಕೋರ್ ಪುಸ್ತಕ ಸಿಕ್ಕಿತು.