ತಂತಿಗೆ ಪೋಣಿಸಿದ ಚೀಟಿಗಳು

ಚಂದ್ರಗುತ್ತಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬೆಟ್ಟದ ಮೇಲಿನ ಕೋಟೆ, ರೇಣುಕಾಂಬೆಯ ಗುಡಿ. ಚರಿತ್ರೆಯ ಪಾಠ ಹೇಳುವಾಗ ನಾನೂ ಮಕ್ಕಳಿಗೆ ಅವನ್ನೇ ತೋರಿಸುತ್ತೇನೆ. ಆದರೆ ಇಲ್ಲಿಯ ಹಳೆಯ ಮನೆಗಳಲ್ಲಿ ಮೊಳೆಗೆ ತೂಗುಬಿಟ್ಟ ಕೊಕ್ಕೆತಂತಿಯಲ್ಲೂ ಚರಿತ್ರೆಯಿದೆ. ಕಂದಾಯದ ರಸೀದಿ, ಅಂಗಡಿ ಚೀಟಿಗಳ ನಡುವೆ ಪೋಣಿಸಿಟ್ಟ ಮನಿಯಾರ್ಡರ್ ಕಾಗದಗಳನ್ನು ಕೆಲವು ವರ್ಷಗಳಿಂದ ಕೂಡಿಡುತ್ತಿದ್ದೇನೆ.

ಇಂಡಿಯಾದ ಅಂಚೆ ಇಲಾಖೆ ಮನಿಯಾರ್ಡರ್ ಆರಂಭಿಸಿದ್ದು 1880ರಲ್ಲಿ. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆಯಿತ್ತು. 1889ರಲ್ಲಿ ಅದು ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು.

ಎಂ.ಓ. ಫಾರಂ ಒಂದೇ ಆದರೂ ಕೊನೆಗೆ ಅದು ಮೂರು ಕಡೆ ಹಂಚಿಹೋಗುತ್ತಿತ್ತು. ಹಣ ಪಡೆದವರು ಸಹಿ ಹಾಕಿದ ಪಾವತಿ ಚೀಟಿ ಅಂಚೆ ಕಚೇರಿಗೆ. ಹಣ ಮುಟ್ಟಿದೆ ಎಂಬ ಸ್ವೀಕೃತಿ ಕಳಿಸಿದವರಿಗೆ. ಕೆಳಗಿನ ಕೂಪನ್ನು ಹಣ ಪಡೆದವರಿಗೆ. ಹೀಗಾಗಿ ಮಗನ ಮಾತು ತಾಯಿಯ ತಂತಿಯಲ್ಲಿ ಉಳಿಯಿತು, ತಾಯಿಯ ಸಹಿ ಮಗನ ಟ್ರಂಕಿನಲ್ಲಿ. ಕಚೇರಿಯ ಚೀಟಿಗಳು ಅವಧಿ ಮುಗಿದ ಮೇಲೆ ನಾಶವಾದವು.

ಕೂಪನ್ನಿನಲ್ಲಿ ಜಾಗ ಅಂಗೈಯಷ್ಟೂ ಇಲ್ಲ. ಅಷ್ಟರಲ್ಲೇ ಸಂಸಾರವೆಲ್ಲ ಹಿಡಿಸಬೇಕು. ‘ಅಕ್ಕಿಗೆ ಇಪ್ಪತ್ತು, ತಂಗಿಯ ಫೀಸಿಗೆ ಐದು, ಅಪ್ಪಯ್ಯನ ಔಷಧಿ ತಪ್ಪಿಸಬೇಡಿ’ ಎಂದಿದೆ ನನ್ನ ಬಳಿಯ ಒಂದರಲ್ಲಿ. ಓದು ಬಾರದ ತಾಯಂದಿರಿಗೆ ಪೋಸ್ಟಣ್ಣನೇ ಓದಿ ಹೇಳುತ್ತಿದ್ದ. ಅವರು ಹೆಬ್ಬೆಟ್ಟು ಒತ್ತಿದರೆ ಪಕ್ಕದವರೊಬ್ಬರು ಸಾಕ್ಷಿ ಹಾಕಬೇಕು. ಎಷ್ಟು ಬಂತು ಎಂಬುದು ಸಂಜೆಯೊಳಗೆ ಕೇರಿಗೆಲ್ಲ ಗೊತ್ತು! ವಿಧವಾ ವೇತನ, ವೃದ್ಧಾಪ್ಯ ವೇತನಗಳೂ ಬಹಳ ಕಾಲ ಹೀಗೆಯೇ ಬರುತ್ತಿದ್ದವು. ಎಷ್ಟೋ ಹೆಂಗಸರಿಗೆ ಅವರ ಹೆಸರಿಗೇ ಬಂದ ಮೊದಲ ಹಣ ಅದು.

ಹೆಣ್ಣುಮಕ್ಕಳೇ ಕಳಿಸಿದ ಹಣದ ರಸೀದಿಗಳೂ ಸಿಕ್ಕಿವೆ. ನೌಕರಿಗೆ ಸೇರಿದ ಮಗಳು ತವರಿಗೆ ತಿಂಗಳು ತಿಂಗಳು ಕಳಿಸಿದ್ದು. ‘ಮಗಳ ದುಡ್ಡು ನಾವು ಮುಟ್ಟಲಿಲ್ಲ’ ಎಂದು ಹಿರಿಯರು ಹೇಳಿಕೊಳ್ಳುವುದುಂಟು. ರಸೀದಿಗಳು ಬೇರೆಯೇ ಹೇಳುತ್ತವೆ. ಉದ್ಯೋಗದ ಅರ್ಜಿಗೆ ಕೊಂಡ ಪೋಸ್ಟಲ್ ಆರ್ಡರಿನ ಅರ್ಧ ಚೀಟಿ, ವಿ.ಪಿ.ಪಿ.ಯಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಂಡ ಕಾದಂಬರಿಯ ರಸೀದಿ, ಇವೂ ಅಷ್ಟೇ. ಮನೆಯ ಲೆಕ್ಕದ ಪುಸ್ತಕಕ್ಕೆ ಏರದ ಹೆಂಗಸಿನ ಆಸೆಗೆ ಇವೇ ದಾಖಲೆ.

2008ರಲ್ಲಿ ಇ-ಮನಿಯಾರ್ಡರ್ ಬಂತು. ಹಳೆಯ ಮಾದರಿಯದು 2015ರಲ್ಲಿ ನಿಂತಿತು. ಹೊಸದರಲ್ಲಿ ಸಿದ್ಧ ಸಂದೇಶಗಳ ಪಟ್ಟಿಯಿಂದ ಒಂದನ್ನು ಆರಿಸಿದರಾಯಿತು. ಹಣ ಬೇಗ ಮುಟ್ಟಿತು, ನಿಜ, ಕೈಬರಹ ಮುಟ್ಟಲಿಲ್ಲ.

ಮುಂದಿನ ಸಲ ಅಟ್ಟ ಗುಡಿಸುವಾಗ ಇಂಥ ಚೀಟಿ ಸಿಕ್ಕರೆ ಬಚ್ಚಲೊಲೆಗೆ ಹಾಕಬೇಡಿ. ತುಕ್ಕುಹಿಡಿದ ತಂತಿಯಿಂದ ಮೆಲ್ಲಗೆ ಬಿಡಿಸಿ. ಗೋಂದು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಂದು ಲಕೋಟೆಯಲ್ಲಿಟ್ಟು, ಯಾರು ಯಾರಿಗೆ ಯಾತಕ್ಕೆ ಕಳಿಸಿದ್ದೆಂದು ಅದರ ಮೇಲೆ ಬರೆಯಿರಿ. ಅದನ್ನು ಬಲ್ಲ ಅಜ್ಜಿ, ಅತ್ತೆ ಮನೆಯಲ್ಲಿದ್ದರೆ ಇವತ್ತೇ ಕೇಳಿ ಬರೆದಿಡಿ.